ಕುಂಕುಮ ಹಚ್ಚಿದ ಪೈಪು

ಅಮೆರಿಕದ ಸನ್ನಿವೇಲ್‌ನಲ್ಲಿ ಕನ್ನಡದವರ ಯಾವ ಊಟಕ್ಕೆ ಹೋದರೂ ಯೋಗಾನಂದನಿಗೆ ಮೊದಲ ಪ್ರಶ್ನೆ ಒಂದೇ: "ಯಾವ ಕಂಪನಿ?" ಸ್ವಂತದ್ದು ಅಂದರೆ ಎದುರಿಗಿದ್ದವರ ಕಣ್ಣು ಅರಳುತ್ತಿತ್ತು, ಸ್ಟಾರ್ಟಪ್ಪು ಅಂದುಕೊಳ್ಳುತ್ತಿದ್ದರು. ಮನೆಗಳಿಗೆ ವೈರಿಂಗ್ ಮಾಡುತ್ತೇನೆ ಎಂದು ಬಿಡಿಸಿ ಹೇಳಿದ ಕೂಡಲೇ ಅವರಿಗೆ ಪಲ್ಯ ಬಡಿಸಿಕೊಳ್ಳುವುದು ನೆನಪಾಗಿಬಿಡುತ್ತಿತ್ತು. ವಾರ ಕಳೆದ ಮೇಲೆ ಅವರೇ ಫೋನ್ ಮಾಡಿ, ಕಾರಿಗೆ ಚಾರ್ಜರ್ ಹಾಕಿಸಬೇಕಿತ್ತು, ನೀವು ನಮ್ಮವರೇ ಅಲ್ಲವೇ ಅನ್ನುತ್ತಿದ್ದರು. ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದನ್ನು ಬಿಟ್ಟು ಹತ್ತು ವರ್ಷವಾಯಿತು ಎಂದು ಯೋಗಾನಂದ ಹೇಳಿಕೊಳ್ಳುತ್ತಿದ್ದ. ಹಾಗೆ ಹೇಳಿಕೊಳ್ಳುವವರು ಬಿಟ್ಟಿರುವುದಿಲ್ಲ.

ಆ ವರ್ಷ ಆಯುಧಪೂಜೆ ಬುಧವಾರ ಬಂತು. ಅದೇ ಬುಧವಾರ ಅವನು ಲಾಸ್ಯಾಳ ಮನೆಯ ಸೂರಿನ ಮೇಲೆ ಪೈಪು ನಿಲ್ಲಿಸಬೇಕಿತ್ತು. ಲಾಸ್ಯಾ ಮನೆಯಲ್ಲೇ ಡೇಕೇರ್ ನಡೆಸುವ ಹುಡುಗಿ. ಹನ್ನೆರಡು ಮಕ್ಕಳು ಬರುತ್ತಿದ್ದವು. ಹಿತ್ತಲಾಚೆಯ ಕಂಬದಿಂದ ಬರುವ ಕರೆಂಟಿನ ತಂತಿಯನ್ನು ಹಿಡಿದು ನಿಲ್ಲುವ ಹಳೆಯ ಪೈಪು ತುಕ್ಕು ತಿಂದು ವಾಲಿತ್ತು. ಇನ್ನೊಂದು ದಿನವೂ ಅದನ್ನು ನಂಬುವುದಿಲ್ಲವೆಂದು ಕರೆಂಟಿನವರು ಹೇಳಿಬಿಟ್ಟಿದ್ದರು. ಬುಧವಾರ ಬೆಳಿಗ್ಗೆ ತಂತಿ ಬಿಚ್ಚುತ್ತಾರೆ, ಮಧ್ಯಾಹ್ನ ಎರಡಕ್ಕೆ ಬಂದು ಹೊಸ ಪೈಪಿಗೆ ಕಟ್ಟಿಕೊಡುತ್ತಾರೆ. ಅಷ್ಟರೊಳಗೆ ಪೈಪು ನಿಂತಿರಬೇಕು, ಸಿಟಿಯ ಇನ್‌ಸ್ಪೆಕ್ಟರು ಒಪ್ಪಿರಬೇಕು. ತಪ್ಪಿದರೆ ಮುಂದಿನ ಸರದಿ ಮೂರು ವಾರಕ್ಕೆ. ಮೂರು ವಾರ ಕರೆಂಟಿಲ್ಲದ ಡೇಕೇರಿಗೆ ಯಾರೂ ಮಗುವನ್ನು ಬಿಡುವುದಿಲ್ಲ, ಬೇರೆ ಕಡೆ ಸೇರಿಸಿದ ಮಗುವನ್ನು ವಾಪಸು ಕರೆತರುವುದೂ ಇಲ್ಲ. ಲಾಸ್ಯಾ ಇದನ್ನು ಅವನಿಗೆ ನಾಲ್ಕು ಸಲ ಹೇಳಿದ್ದಳು, ನಾಲ್ಕನೆಯ ಸಲ ಅತ್ತಿದ್ದಳು.

ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟಬಾರದು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಅಪ್ಪ ಮುನಿರಾಜು ಆ ದಿನ ಸ್ಪ್ಯಾನರ್ ಎತ್ತಿದ್ದಿಲ್ಲ, ಯೋಗಾನಂದನೂ ಎತ್ತಿದವನಲ್ಲ. ಆದರೆ ದಾರಿ ಇದ್ದೇ ಇರುತ್ತದೆ. ಸೋಮವಾರವೇ ಅವನು ಎರಡು ಇಂಚಿನ ದಪ್ಪ ಉಕ್ಕಿನ ಪೈಪನ್ನು ಅಳತೆಗೆ ಕೊಯ್ದು, ತುದಿಗೆ ತಿರುಪಿನ ಥ್ರೆಡ್ಡು ಹಾಕಿ, ಗರಾಜಿನ ಮೂಲೆಗೆ ಒರಗಿಸಿದ. ಜೋಡಿಸಲು ಬೇಕಾದ ರೆಂಚು, ಡ್ರಿಲ್ಲು, ಇನ್ನೆರಡು ಸಾಮಾನನ್ನು ಪೂಜೆಗೆ ಸಿಗದ ಹಾಗೆ ವ್ಯಾನಿನ ಸೀಟಿನಡಿ ಬಚ್ಚಿಟ್ಟ. ದೇವರನ್ನು ಇಷ್ಟು ಏಮಾರಿಸುವುದು ನಮ್ಮಲ್ಲಿ ತಪ್ಪೇನಲ್ಲ, ದೇವರಿಗೂ ಅಭ್ಯಾಸವಾಗಿದೆ.

ಬುಧವಾರ ಸ್ನಾನ ಮಾಡಿ ಗರಾಜಿಗೆ ಬಂದರೆ ಮೂಲೆ ಖಾಲಿ. ತಾಯಿ ವೆಂಕಟಮ್ಮ ಐದಕ್ಕೇ ಎದ್ದು ಪೂಜೆ ಮುಗಿಸಿದ್ದರು. ಥ್ರೆಡ್ಡು ಹಾಕುವ ಯಂತ್ರ, ಗರಗಸ, ಸುತ್ತಿಗೆ ಎಲ್ಲ ಸಾಲಾಗಿ ಕೂತಿದ್ದವು. ಸಾಲಿನ ನಡುವೆ, ಮಣೆಯ ಮೇಲೆ, ಆ ಪೈಪು ಮಲಗಿತ್ತು. ಮೈತುಂಬ ವಿಭೂತಿ ಪಟ್ಟೆ, ಕುಂಕುಮ, ಕೊರಳಿಗೆ ಸೇವಂತಿಗೆ.

"ಅಮ್ಮಾ, ಇದನ್ಯಾಕೆ ಇಟ್ಟೆ? ಲಾಸ್ಯಾ ಮನೆಗೆ ಇವತ್ತೇ ಹಾಕ್ಬೇಕು ಇದು!"

"ಮಂಗಳಾರತಿ ಆಗೈತೆ. ನಾಳೆ ಗಂಟ ಮುಟ್ಬ್ಯಾಡ ಕಣ್ಲಾ."

"ಇದು ಆಯುಧ ಅಲ್ಲಮ್ಮ, ಪೈಪು."

"ಪೈಪೇ ಬೇಕಾದ್ರೆ ಹಿತ್ತಲಲ್ಲಿ ಬೂದಿ ಬಣ್ಣದ್ದು ಐತಲ್ಲ, ಅದನ್ನ ಹಾಕು. ನಮ್ಮೂರಲ್ಲಿ ಎಲ್ಲಾರೂ ಪ್ಲಾಸ್ಟಿಕ್ಕೇ ಹಾಕೋದು."

ವೆಂಕಟಮ್ಮನವರ ಹತ್ತಿರ ವಾದ ಮಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಂಗಡಿಯಿಂದ ಇನ್ನೊಂದು ಉಕ್ಕಿನ ಪೈಪು ತಂದರೂ ಥ್ರೆಡ್ಡು ಹಾಕುವ ಯಂತ್ರ ದೇವರ ವಶದಲ್ಲಿತ್ತು. ಯೋಗಾನಂದ ಸಿಟ್ಟಿನಲ್ಲಿ ಹೊರಗೆ ಹೋಗಿ, ನೆಲದಡಿ ಹೂಳಲು ತಂದು ಉಳಿದಿದ್ದ ಪ್ಲಾಸ್ಟಿಕ್ ಪೈಪನ್ನು ಹೆಗಲಿಗೇರಿಸಿದ. ಹಗುರ. ಕೊಯ್ಯುವುದು ಸುಲಭ, ಅಂಟು ಹಚ್ಚಿದರೆ ಮುಗಿಯಿತು.

ಮಣ್ಣಿನೊಳಗೆ ಅದರಂಥ ಪೈಪಿಲ್ಲ. ಸೂರಿನ ಮೇಲೆ ಮಾತ್ರ ಅರವತ್ತು ಅಡಿ ತಂತಿ ಹಗಲೂ ರಾತ್ರಿ ಜಗ್ಗುತ್ತದೆ. ಬಿಸಿಲಿಗೆ ಮೆತ್ತಗಾಗಿ ಪ್ಲಾಸ್ಟಿಕ್ಕು ಬಾಗುತ್ತದೆ. ತಂತಿಯನ್ನು ಪೈಪಿಗೆ ಕಟ್ಟದೆ ಗೋಡೆಗೆ ಕಟ್ಟಿದರೆ ಪ್ಲಾಸ್ಟಿಕ್ಕೂ ನಡೆಯುತ್ತದೆ. ಆದರೆ ಲಾಸ್ಯಾಳ ಮನೆಯ ಗೋಡೆ ಗಿಡ್ಡ, ತಂತಿ ಹಿತ್ತಲಿನ ಜಾರುಬಂಡೆಯ ಮೇಲೆ ತಗ್ಗಿ ಹಾದುಹೋಗುತ್ತದೆ. ಇನ್‌ಸ್ಪೆಕ್ಟರು ಅಳೆದು ನೋಡಿ ಒಪ್ಪಿದರೂ ಒಪ್ಪಬಹುದು. ಲಾಸ್ಯಾಳಿಗೆ ತಿಳಿಯುವುದಿಲ್ಲ. ಅಮ್ಮನ ಮಾತೂ ಉಳಿಯುತ್ತದೆ. ನಿಜ ಹೇಳಬೇಕೆಂದರೆ ಅವನಿಗೆ ಆಸೆಯಾಯಿತು, ಪೈಪನ್ನು ವ್ಯಾನಿನ ಮೇಲೆ ಕಟ್ಟಿಯೂ ಆಯಿತು.

ಆಮೇಲೆ ಬಿಚ್ಚಿ ಕೆಳಗೆ ಹಾಕಿ, ಮತ್ತೆ ಗರಾಜಿಗೆ ಬಂದ.

"ಅಷ್ಟೊಂದು ಸಾಮಾನಿತ್ತಲ್ಲಮ್ಮ. ಮೂಲೇಲಿದ್ದ ಪೈಪನ್ನ ಯಾಕೆ ತಂದಿಟ್ಟೆ, ಅಷ್ಟು ಹೇಳು."

ವೆಂಕಟಮ್ಮ ಗರಗಸದ ಮೇಲಿದ್ದ ಹೂವನ್ನು ಸರಿಮಾಡಿದರು. "ಇವೆಲ್ಲ ಅಂಗಡಿಯಿಂದ ತಂದವು. ಅದೊಂದು ನೀನು ಮಾಡಿದ್ದು. ಸೋಮವಾರ ನೋಡ್ತಿದ್ದೆ ನಾನು, ಹೆಂಗೆ ಸುರುಳಿ ಸುರುಳಿಯಾಗಿ ಕೊರೀತಿದ್ದೆ ಅಂತ. ನಿಮ್ಮಪ್ಪನ ಕೈಯೇ."

ಅಮೆರಿಕದಲ್ಲಿ ಯೋಗಾನಂದನ ಕೆಲಸವನ್ನು ಕೂತು ನೋಡಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ಅವನು ಪೈಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದ: "ಪ್ಲಾಸ್ಟಿಕ್ ಹಾಕಿದ್ರೆ ತಂತಿ ಕೆಳಗೆ ಬರುತ್ತಮ್ಮ. ಅದರಡಿ ಹನ್ನೆರಡು ಮಕ್ಕಳು ಆಡ್ತವೆ. ನೀನು ಬೇಡ ಅಂದ್ರೂ ಇದನ್ನೇ ಎತ್ಕೊಂಡು ಹೋಗ್ತೀನಿ. ಬೈಕೋ."

ವೆಂಕಟಮ್ಮ ಮಗನ ಮುಖ ನೋಡಿದರು, ಪೈಪು ನೋಡಿದರು.

"ಉತ್ತರ ಯಾವ ಕಡೆ?"

ಅವನು ಫ್ರೀವೇ ಇದ್ದ ದಿಕ್ಕಿಗೆ ಕೈ ತೋರಿಸಿದ. ಹಬ್ಬ ಮುಗಿದ ಮೇಲೆ ಗಣಪತಿಯನ್ನು ಕದಲಿಸುವ ಹಾಗೆ ವೆಂಕಟಮ್ಮ ಎರಡೂ ಕೈಯಲ್ಲಿ ಪೈಪನ್ನು ಹಿಡಿದು, ಒಂದು ಬೆರಳಿನಷ್ಟು ಉತ್ತರಕ್ಕೆ ಸರಿಸಿದರು. ಸೇವಂತಿಗೆಯನ್ನು ತೆಗೆದು ಕಣ್ಣಿಗೊತ್ತಿಕೊಂಡರು.

"ಇವತ್ತಿನ ಪೂಜೆ ಇದಕ್ಕೆ ಮುಗೀತು. ತಗೊಂಡೋಗು. ಬಾಕೀವು ಮುಟ್ಟೀಯ ಮತ್ತೆ!"

ಹನ್ನೊಂದೂವರೆಗೆ ಪೈಪು ಲಾಸ್ಯಾಳ ಸೂರಿನ ಮೇಲೆ ನೆಟ್ಟಗೆ ನಿಂತಿತ್ತು. ವಿಭೂತಿ ಕುಂಕುಮ ಒರೆಸಲು ಹೊತ್ತಿರಲಿಲ್ಲ, ಒರೆಸುವ ಮನಸ್ಸೂ ಇರಲಿಲ್ಲ. ಹನ್ನೆರಡಕ್ಕೆ ಇನ್‌ಸ್ಪೆಕ್ಟರು ಬಂದ. ಏಣಿ ಹತ್ತಿ ಪೈಪನ್ನು ಅಲ್ಲಾಡಿಸಿದ, ಅದು ಅಲ್ಲಾಡಲಿಲ್ಲ. ಎತ್ತರ ಅಳೆದ. ಬಿಳಿ ಪಟ್ಟೆಯನ್ನೂ ಅದರ ನಡುವಿನ ಕೆಂಪನ್ನೂ ಬೆರಳಿಂದ ಮುಟ್ಟಿ, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದ.

"ನಿಮಗಿಂತ ಮುಂಚೆ ಒಬ್ಬರು ಇನ್‌ಸ್ಪೆಕ್ಷನ್ ಮಾಡಿದ್ದಾರೆ" ಎಂದ ಯೋಗಾನಂದ.

"ಸಿಟಿಯಿಂದಲೇ? ಯಾರು?"

"ನನ್ನ ತಾಯಿ."

ಇನ್‌ಸ್ಪೆಕ್ಟರು ಏಣಿಯ ಮೇಲಿಂದಲೇ ಅವನನ್ನು ನೋಡಿದ. ಕೆಳಗೆ ಲಾಸ್ಯಾ ಏಣಿ ಹಿಡಿದು ನಿಂತಿದ್ದಳು.

"ಪಾಸ್ ಮಾಡಿದರೇ?"

"ಸುಲಭಕ್ಕೆ ಮಾಡಲಿಲ್ಲ."

ಆತ ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದ.