ಹಿಂದಿನಿಂದ ಬಂದ ಕತ್ತರಿ

"ಯುವಜನರು ಹಣ್ಣಿನ ಕೃಷಿಯನ್ನೇ ಯಾಕೆ ಆರಿಸ್ಕೊಳ್ತಾರೆ? ನೀವೇ ಹೇಳಿ," ಎಂದು ಬೆಳೆಗಾರರ ವಾರಪತ್ರಿಕೆಯ ಹುಡುಗ ಕೇಳಿದ. ಯಾಂತಿನಾ ಬಾಯಿ ತೆರೆಯುವಷ್ಟರಲ್ಲಿ ಅವಳ ಅಪ್ಪ ಟೆಯ್ನಿಸ್ ಉತ್ತರ ಕೊಟ್ಟಾಗಿತ್ತು.

"ಅವಳಿಗೆ ಚಿಕ್ಕಂದಿನಿಂದ ಮರ ಅಂದ್ರೆ ಜೀವ. ಇನ್ನೂ ಕಲೀತಾ ಇದಾಳೆ. ನಾನಿದೀನಲ್ಲ, ಹೇಳ್ಕೊಡ್ತೀನಿ."

ಹುಡುಗ ಅದನ್ನೇ ಬರೆದುಕೊಂಡ. ಯಾಂತಿನಾಗೆ ಮೈ ಉರಿಯಿತು. ವಯಸ್ಸು ಇಪ್ಪತ್ತೊಂಬತ್ತು. ನಾಲ್ಕು ವರ್ಷ ತೋಟಗಾರಿಕೆ ಓದಿ, ಮೂರು ಚಳಿಗಾಲ ಬೆಲ್ಜಿಯಮ್ಮಿನ ತೋಟದಲ್ಲಿ ಪೇರ್ ಮರ ಸವರಿ ಬಂದವಳು ಇನ್ನೂ ಕಲಿಯುತ್ತಿದ್ದಾಳಂತೆ! ಆ ತೋಟದವರು ಅವಳನ್ನು ಮೇಲ್ವಿಚಾರಕಿಯಾಗಿ ಕರೆಯುತ್ತಲೇ ಇದ್ದರು. ಬರುತ್ತಾಳೋ ಇಲ್ಲವೋ ಎಂದು ಮಾರ್ಚ್ ಒಂದರೊಳಗೆ ಅವರಿಗೆ ಹೇಳಬೇಕಿತ್ತು. ಹೊಸ ವರ್ಷದ ದಿನ ಅಪ್ಪ, ಹೊಳೆ ಏರಿಯ ಪಕ್ಕದ ನಾಲ್ಕು ಸಾಲು ಮರ ನಿನ್ನವು, ನಾನು ಕೈ ಹಾಕಲ್ಲ ಎಂದು ಮಾತು ಕೊಟ್ಟಿದ್ದಕ್ಕೇ ಅವಳು ಉಳಿದಿದ್ದಳು.

"ನಿಮ್ಮ ಸಾಲಲ್ಲೇ ಒಂದು ಫೋಟೊ ತೆಗೀಲಾ?" ಎಂದ ಹುಡುಗ.

ಬೂಟಿಗೆ ಜಿಗುಟು ಮಣ್ಣು ಮೆತ್ತಿಕೊಂಡು ಮೂವರೂ ಏರಿಯ ಬಳಿ ಹೋದರು. ಮೊದಲ ಮರದ ಮುಂದೆ ಯಾಂತಿನಾ ನಿಂತುಬಿಟ್ಟಳು. ಅವಳು ಬೇಕೆಂದೇ ಉದ್ದಕ್ಕೆ ಬಿಟ್ಟ ರೆಂಬೆ ಬುಡದಲ್ಲೇ ಹೋಗಿತ್ತು. ಎರಡನೇ ಮರದ್ದೂ ಹಾಗೇ, ಮೂರನೆಯದೂ. ದಪ್ಪ ದಪ್ಪ ಹೂಮೊಗ್ಗಿನ ರೆಂಬೆಗಳು ಹುಲ್ಲಿನ ಮೇಲೆ ಬಿದ್ದಿದ್ದವು.

"ಯಾರು ಕತ್ತರಿಸಿದ್ದು ಇದನ್ನ?"

"ಒಂಚೂರು ಸರಿ ಮಾಡ್ದೆ ಅಷ್ಟೆ. ನೀನು ತುಂಬಾ ಉದ್ದ ಬಿಟ್ಟಿದ್ದೆ."

"ಒಂಚೂರಾ? ಇಡೀ ಸಾಲು ಬೋಳಿಸಿಟ್ಟಿದೀಯ!"

"ಬಂದವ್ರ ಮುಂದೆ ಯಾಕಮ್ಮಾ..."

"ಬಂದವ್ರ ಮುಂದೇನೇ!" ಅವಳು ಹುಡುಗನ ಕಡೆ ತಿರುಗಿದಳು. "ಬರ್ಕೊಳ್ಳಪ್ಪಾ. ಯಾಕೆ ಆರಿಸ್ಕೊಂಡೆ ಅಂತ ತಾನೆ ಕೇಳಿದ್ದು? ಈಗ ನಾನು ಕತ್ತರಿ ಹಾಕಿದ್ರೆ ಅದು ಸರೀನೋ ತಪ್ಪೋ ಅಂತ ಸೆಪ್ಟೆಂಬರ್‌ನಲ್ಲಿ ಹಣ್ಣು ಕೀಳೋವಾಗ ಮರವೇ ಹೇಳುತ್ತೆ. ಬೇರೆ ಯಾವ ಕೆಲಸದಲ್ಲೂ ನನಗೆ ಅಷ್ಟು ನೇರವಾಗಿ ಯಾರೂ ಹೇಳಿಲ್ಲ. ಅಪ್ಪ ಹಿಂದಿನಿಂದ ಬಂದು ಕತ್ತರಿಸಿದ್ರೆ ನನಗೆ ಸರೀನೂ ಇಲ್ಲ, ತಪ್ಪೂ ಇಲ್ಲ. ಏನೂ ಇಲ್ಲ!"

ಹುಡುಗ ಪೆನ್ನು ಜೇಬಿಗಿಟ್ಟ. ಯಾಂತಿನಾ ಬಗ್ಗಿ ಒಂದು ತಬ್ಬು ರೆಂಬೆ ಬಾಚಿಕೊಂಡು ಮನೆಗೆ ಹೋದಳು. ಬಕೆಟ್ಟಿಗೆ ನೀರು ತುಂಬಿಸಿ, ರೆಂಬೆಗಳನ್ನು ಅದರಲ್ಲಿ ನಿಲ್ಲಿಸಿ ಅಡುಗೆಮನೆಯ ಮೇಜಿನ ನಟ್ಟನಡುವೆ ಕುಕ್ಕಿದಳು.

"ಇದು ಇಲ್ಲೇ ಇರುತ್ತೆ. ತೆಗೆದ ದಿನ ನಾನೂ ಹೊರಟೆ."

ಮೂರು ವಾರ ಕಳೆದ ಮೇಲೆ ಪತ್ರಿಕೆ ಬಂತು. ಫೋಟೊದ ಕೆಳಗೆ 'ಅಪ್ಪನ ನೆರಳಲ್ಲಿ ಕಲಿಯುತ್ತಿರುವ ಮಗಳು' ಎಂದಿತ್ತು. ಅವಳು ಅದನ್ನು ಮಡಿಸಿ ಬಕೆಟ್ಟಿನ ಅಡಿಗೆ ಹಾಕಿದಳು. ಒಲೆಯ ಬಿಸಿಗೆ ಮೊಗ್ಗೆಲ್ಲ ಅರಳಿ ಮೇಜು ಬೆಳ್ಳಗಾಗಿತ್ತು. ಪೇರ್ ಹೂವಿನ ವಾಸನೆ ಹಿತವಾದದ್ದೇನಲ್ಲ, ತುಸು ಮೀನಿನ ಹಾಗೆ. ಬ್ರೆಡ್ಡಿನ ತಟ್ಟೆಗೆ ಜಾಗವಿಲ್ಲದೆ ಟೆಯ್ನಿಸ್ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದ.

"ನನ್ನ ಕೊನೇ ಸಾಲು ಸವರೋಕೆ ಇವತ್ತು ಶುರು ಮಾಡ್ತೀನಿ," ಎಂದಳು. "ನಾಳೆ ಒಂದನೇ ತಾರೀಕು."

ಅವನು ಇನ್ನೊಂದು ತುಂಡು ಬ್ರೆಡ್ ಮುರಿದ. ಅವಳ ಹಿಂದೆ ಹೊರಡಲು ಬೂಟಿನ ಕಡೆಗೆ ಹೋಗಲಿಲ್ಲ.

ಅಂಗಳ ದಾಟುವಾಗ ಅವಳು ತಿರುಗಿ ನೋಡಿದಳು. ಕಿಟಕಿಯಾಚೆ ಅಪ್ಪ ಮೇಜಿನ ಮೇಲೆ ಬಾಗಿ, ಒಂದೊಂದೇ ಹೂಗೊಂಚಲನ್ನು ಬೆರಳಲ್ಲಿ ಮುಟ್ಟಿ ಎಣಿಸುತ್ತಿದ್ದ. ನಡುವೆ ಎಲ್ಲೋ ತಪ್ಪಿತೇನೋ, ಮತ್ತೆ ಮೊದಲಿನಿಂದ ಶುರು ಮಾಡಿದ.