ನಸುಕಿನ ಸೈಕಲ್ ಎಣಿಕೆ

ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ಹೊಳೆಯ ಕಡೆಯ ಥಂಡಿಗಾಳಿ ರಾಯಚೂರಿನ ಓಣಿಗಳಿಗೂ ನುಗ್ಗುವ ದಿನಗಳು. ದೇವಸುಗೂರಿನಿಂದ ನಸುಕಿನ ಬಸ್ಸಿಗೆ ಬಂದ ನೀಲಗಂಗಮ್ಮ ಪೇಟೆ ರಸ್ತೆಯ ಬೇವಿನ ಮರದ ಬುಡದಲ್ಲಿ ಗೋಣಿತಟ್ಟು ಹಾಸಿ, ಇಬ್ಬನಿ ಆರದ ಮೆಂತ್ಯೆ ಪಲ್ಯವನ್ನು ಸಿವುಡು ಕಟ್ಟುತ್ತ ಕೂತಿದ್ದಳು. ಕೈ ಪಲ್ಯದ ಮೇಲಿದ್ದರೂ ಕಣ್ಣು ರಸ್ತೆಯ ಮೇಲಿತ್ತು. ಸೈಕಲ್ಲೊಂದು ದಾಟಿದರೆ ಉಡಿಯಿಂದ ಹುಣಸೆ ಬೀಜವೊಂದು ಡಬ್ಬಿಗೆ ಬೀಳುತ್ತಿತ್ತು.

"ಯಕ್ಕಾ, ನನ್ನ ಬೀಜ ಬಿತ್ತಿಲ್ಲೋ?" ಅಕ್ಕಿ ಗಿರಣಿಯ ಹಮಾಲ ಜಂಬಣ್ಣ ಕಾಲೂರಿ ನಿಂತು ಕೇಳಿದ.

"ಬಿತ್ತು. ನಿನ್ನ ಸೈಕಲ್ ಗಡಗಡ ಅನ್ನೋದು ಕೇಳಿದ್ರ ಅರ್ಧ ಬೀಜಾನ ಹಾಕಬೇಕಿತ್ತು."

"ಜಾಲಹಳ್ಳಿಯಿಂದ ಮಾವ ಕೊಟ್ಟ ಸೈಕಲ್ ಅದ. ಏನರ ಅಂದ್ರ ಅವಗ ಹತ್ತತದ ನೋಡು," ಎಂದು ಅವನು ತುಳಿದುಕೊಂಡು ಹೋದ.

ಆ ರಸ್ತೆಯನ್ನು ಹೊಸದಾಗಿ ಮಾಡುವುದಿತ್ತು. ಮರ ಕಡಿದು, ಪಲ್ಯದವರನ್ನು ಎಬ್ಬಿಸಿ, ಕಾರು ನಿಲ್ಲಿಸಲು ಜಾಗ ಮಾಡಬೇಕೆಂದು ನಗರಸಭೆ ಕಚೇರಿಯ ದೊಡ್ಡ ಸಾಹೇಬರ ಯೋಚನೆ. ಅಂಚಿಗೊಂದು ಸೈಕಲ್ ದಾರಿ ಬಿಟ್ಟು, ಮರದ ಕೆಳಗೆ ನಾಲ್ಕು ಜನ ಕೂಡುವ ಬಯಲು ಉಳಿಸಬೇಕೆಂದು ನಕ್ಷೆ ಬರೆದವಳು ಹರಿಪ್ರಿಯಾ. ಮಾನ್ವಿಯ ಮಾಸ್ತರರ ಮಗಳು, ಹೊಸ ಇಂಜಿನಿಯರ್. ಆದರೆ ಅವಳು ಹತ್ತು ಗಂಟೆಗೆ ಬಂದು ಕೂತು ಎಣಿಸಿದರೆ ಅರವತ್ತು ಸೈಕಲ್ಲೂ ಆಗಲಿಲ್ಲ.

"ಹತ್ತಕ್ಕ ಬಂದ್ರ ಯಾರದಾರ ತಂಗಿ? ಹಮಾಲರು, ಹಾಲಿನವರು, ಗಿರಣಿಯವರು ಎಲ್ಲಾ ಎಂಟರೊಳಗ ಹೋಗಿರ್ತಾರ," ಎಂದಿದ್ದಳು ನೀಲಗಂಗಮ್ಮ. ಮಾನ್ವಿಯ ಬಸ್ಸು ಬರುವುದೇ ಎಂಟಕ್ಕೆ. ಸೈಕಲ್ ದಾರಿ ಕೇಳಬೇಕಾದರೆ ಮೂರು ದಿನದ ಎಣಿಕೆ ಬೇಕೇ ಬೇಕು ಎಂಬುದು ಕಾಯಿದೆ. ಹಾಗಾಗಿ ಡಬ್ಬಿ, ಬೀಜ ನೀಲಗಂಗಮ್ಮನ ಪಾಲಿಗೆ ಬಂದಿದ್ದವು. ಇವತ್ತು ಮೂರನೆಯ ದಿನ.

ಎಂಟು ದಾಟಿದ ಮೇಲೆ ಹರಿಪ್ರಿಯಾ ಬಂದಳು. ಮುಖ ಬಾಡಿತ್ತು.

"ನೀಲಗಂಗಮ್ಮನವರ, ಮೊದಲ್ನೇ ದಿನದ ಲೆಕ್ಕ ಕೂಡವಲ್ದು. ನಿಮ್ಮ ಬೀಜ ನಾನೂರಾ ಅರವತ್ತೈದು. ಎದುರಿನ ಅಂಗಡಿ ಕ್ಯಾಮೆರಾದಾಗ ನಾನೂರಾ ಇಪ್ಪತ್ತಮೂರ ಅವ. ಆಮೇಲೆ ಕ್ಯಾಮೆರಾ ಕೆಟ್ಟದ, ಉಳಿದೆರಡು ದಿನಕ್ಕ ನಿಮ್ಮ ಬೀಜಾನ ಗತಿ. ಪಲ್ಯದಾಕಿ ಸುಳ್ಳು ಲೆಕ್ಕ, ಮೂರೂ ದಿನದ್ದು ತಗದು ಒಗೀರಿ ಅಂತಾರ ಸಾಹೇಬರು. ಹನ್ನೊಂದಕ್ಕ ಮೀಟಿಂಗ್ ಅದ."

ನೀಲಗಂಗಮ್ಮನ ಕೈಯಲ್ಲಿದ್ದ ಸಿವುಡು ಅರ್ಧಕ್ಕೇ ನಿಂತಿತು. ಈ ಮರದ ಬುಡದಲ್ಲಿ ಮೂವತ್ತು ವರ್ಷ. ಅವಳ ಅಳತೆ ಸುಳ್ಳೆಂದು ಯಾರೂ ಅಂದಿರಲಿಲ್ಲ.

"ನಾನೂರಾ ಇಪ್ಪತ್ತಮೂರ ಇರಬೇಕವ್ವಾ. ಉಳಿದದ್ದು ಕೊಸರು."

"ಕೊಸರು ಅಂದ್ರ?"

"ಹತ್ತಕ್ಕ ಒಂದು ಮ್ಯಾಲ ಹಾಕೀನಿ. ಹತ್ತು ಸಿವುಡು ಒಯ್ದವರಿಗೆ ಬರೇ ಹತ್ತ ಕೊಟ್ಟು ಕಳಸ್ತಾರೇನು? ಲೆಕ್ಕ ಬಿಗದು ಹಿಡೀಬಾರ್ದು ಅಂತ ನಮ್ಮತ್ತಿ ಹೇಳ್ಕೊಟ್ಟಾಳ."

ಹರಿಪ್ರಿಯಾ ಮೊದಲು ಅವಳನ್ನು ನೋಡಿದಳು, ಆಮೇಲೆ ಗೋಣಿತಟ್ಟಿನ ತುದಿಗೆ ಕೂತು ಹಾಳೆಯ ಮೇಲೆ ಭಾಗಿಸಿದಳು. ನಲವತ್ತೆರಡು ಕೊಸರು. ತೆಗೆದರೆ ಕ್ಯಾಮೆರಾದ ಲೆಕ್ಕಕ್ಕೆ ಒಂದೂ ಹೆಚ್ಚಲ್ಲ, ಒಂದೂ ಕಮ್ಮಿಯಲ್ಲ.

"ಮೂರೂ ದಿನ ಹಿಂಗ ಹಾಕೀರಲ್ಲಾ? ಕೊಸರು ಕಳದ್ರ ಲೆಕ್ಕ ಉಳೀತದ. ನೀವು ಹೇಳಿದಂಗ ಬರೀತೀನಿ, ಹೆಬ್ಬೆಟ್ಟು ಒತ್ತ್ರಿ."

"ಕಳೀತೀಯಾ?" ನೀಲಗಂಗಮ್ಮ ಕೈ ಹಿಂದೆಗೆದಳು. "ಕೊಟ್ಟ ಕೊಸರು ಹೊಳ್ಳಿ ಇಸಗೊಂಡವರನ್ನ ನಾ ಕಂಡಿಲ್ಲ."

"ಕಳೀದಿದ್ರ ಈ ಜಾಗಾ ಹೋಗ್ತದರೀ."

ಪಲ್ಯ ಕೊಳ್ಳಲು ಬಂದವನೊಬ್ಬ ಕಾದು ಕಾದು ಹೋದ. ನೀಲಗಂಗಮ್ಮ ಮರದ ಕಡೆ ನೋಡಲಿಲ್ಲ; ಡಬ್ಬಿಯನ್ನೇ ನೋಡುತ್ತಿದ್ದಳು. ಕೊಸರಿಲ್ಲದ ಅಳತೆ ಅವಳ ಪಾಲಿಗೆ ಅರೆಹೊಟ್ಟೆಯ ಊಟವಿದ್ದಂತೆ. ಆದರೆ ಸುಳ್ಳುಗಾರ್ತಿ ಎನಿಸಿಕೊಂಡು ಇಲ್ಲಿಂದ ಎದ್ದು ಹೋಗುವುದು ಅದಕ್ಕಿಂತ ಕಡೆ.

"ಕಳಿ," ಎಂದಳು ಕೊನೆಗೆ. "ಹೋತು ಅನಬ್ಯಾಡ ಮತ್ತ. ಉಳಿದೆರಡು ದಿನದ್ದು ಬಿಟ್ಟೀನಿ, ಆ ನಲವತ್ತೆರಡು ಸೈಕಲ್ ನಿನ್ನ ಮ್ಯಾಲ ಬಾಕಿ. ದಾರಿ ಆದಮ್ಯಾಲ ಅಷ್ಟು ಮಂದೀನ ನೀನ ತರಬೇಕು."

"ಹೂಂರಿ, ನನ್ನ ಮ್ಯಾಲ," ಎಂದು ಹರಿಪ್ರಿಯಾ ಮಸಿಯ ಡಬ್ಬಿ ತೆಗೆದಳು.

ಮಧ್ಯಾಹ್ನ ಅವಳೇ ಬಂದು ಸುದ್ದಿ ಹೇಳಿದಳು. ಕೊಸರಿನ ಮಾತು ಓದಿದಾಗ ಸಾಹೇಬರು ನಕ್ಕರಂತೆ. ಅವರ ತಾಯಿಯೂ ಜೋಳ ಅಳೆಯುವಾಗ ಹಾಗೆಯೇ ಮಾಡುತ್ತಿದ್ದರಂತೆ. ಪೂರಾ ಒಪ್ಪಲಿಲ್ಲ; ಮೂರು ತಿಂಗಳು ಅಂಚಿಗೆ ಸೈಕಲ್ಲಿಗೊಂದು ಬಿಳಿ ಗೆರೆ ಹಾಕಿ ನೋಡೋಣ, ಅಲ್ಲಿಯತನಕ ಮರ ಮುಟ್ಟುವುದು ಬೇಡ ಎಂದರಂತೆ.

ಗೆರೆ ಬಿದ್ದ ಮರುವಾರ ಜಂಬಣ್ಣ ಅದರೊಳಗೇ ನೆಟ್ಟಗೆ ಬಂದು ನಿಂತ. "ಏನ್ ಯಕ್ಕಾ, ಆ ಇಂಜಿನಿಯರ್ ಬಾಯಿ ನಿನ್ನ ಬಾಕಿ ತೀರಿಸಿದ್ಲೋ?"

"ಮೊನ್ನೆ ತನ್ನ ಕಚೇರಿಯವರಿಬ್ಬರನ್ನ ಸೈಕಲ್ ಹತ್ತಿಸಿ ಕರಕೊಂಡ್ಬಂದಿದ್ಲು. ಒಬ್ಬವ ಬಿದ್ದ."

"ಬಿದ್ದವಂದು ಲೆಕ್ಕಕ್ಕ ಹಿಡೀತಿಯೋ, ಬಿಡ್ತಿಯೋ?"

"ಹಿಡದೀನಿ. ಇನ್ನ ನಲವತ್ತು ಅದ," ಎಂದು ನೀಲಗಂಗಮ್ಮ ಹೊಸ ಸಿವುಡಿಗೆ ದಾರ ಸುತ್ತಿದಳು.