ಏಳು ಕಾಲಿನ ಏಡಿ

ನಮ್ಮೂರ ಕಡಲ ದಂಡೆಯಲ್ಲಿ ಹಿಂದೆ ಕೋಕೋ ಮೂಟೆ ಇಡುತ್ತಿದ್ದ ಗೋದಾಮೊಂದಿದೆ. ಅರಾಬಾ ಆಂಟಿ ತಮ್ಮ ಚಿತ್ರಪ್ರದರ್ಶನಕ್ಕೆಂದು ಅದಕ್ಕೇ ಸುಣ್ಣ ಹೊಡೆಸಿದರು. ತಕೊರಾಡಿಯಲ್ಲಿ ಲಾರಿಗಳ ಹಿಂದೆ ಗಾದೆ ಬರೆಯುತ್ತ ಶುರು ಮಾಡಿದವರು ಅವರು. ಆಮೇಲೆ ಕುಮಾಸಿಯಲ್ಲಿ ಚಿತ್ರಕಲೆ ಓದಿದರು. ಬಟ್ಟೆಯ ಚಿತ್ರಗಳನ್ನು ಡಾಕಾರ್, ಬರ್ಲಿನ್‌ಗಳಿಗೆ ಒಯ್ದರು. ಬೇರೆ ಕಲಾವಿದರ ಚಿತ್ರಗಳಿಗೂ ಅಲ್ಲೆಲ್ಲ ಗೋಡೆ ಹುಡುಕಿ ಕೊಟ್ಟರು. ಹುಟ್ಟಿದೂರಲ್ಲಿ ಮಾತ್ರ ಇಪ್ಪತ್ತೆರಡು ವರ್ಷ ಏನನ್ನೂ ತೋರಿಸಿರಲಿಲ್ಲ.

"ಹೊರಗಿನವರು ಹೊಗಳಿದ್ರೆ ಹೊಟ್ಟೆ ತುಂಬುತ್ತೆ ಏಕುವಾ, ಊರವರು ಹೊಗಳಿದ್ರೆ ನಿದ್ದೆ ಬರುತ್ತೆ" ಎಂದು ನನಗೆ ಹೇಳುತ್ತಿದ್ದರು.

ನಾನು ಬಾವುಟ ಹೊಲಿಯುವ ಮನೆಯವಳು. ಆರನೇ ತರಗತಿಗೆ ಶಾಲೆ ಬಿಟ್ಟು ಅಜ್ಜನ ಪಕ್ಕ ಕೂತು, ಬಟ್ಟೆಯಲ್ಲಿ ಗುರುತು ಕತ್ತರಿಸಿ ಬಾವುಟಕ್ಕೆ ಹೊಲಿಯುವ ತೇಪೆ ಕೆಲಸ ಕಲಿತೆ. ನಮ್ಮಲ್ಲಿ ಎಲ್ಲರೂ ಅಪ್ಪನ ಕಡೆಯಿಂದ ಯಾವುದಾದರೊಂದು ಅಸಾಫೊಗೆ, ಹಿಂದೆ ಊರು ಕಾಯುತ್ತಿದ್ದ ದಳಕ್ಕೆ, ಸೇರಿದವರು. ಒಂದು ದಳದ ಗುರುತನ್ನು ಇನ್ನೊಂದು ದಳದವರು ಬಾವುಟಕ್ಕೆ ಹಾಕುವಂತಿಲ್ಲ. ಹಾಕಿದ್ದಕ್ಕೆ ಹಿಂದೆ ತಲೆ ಒಡೆದದ್ದೂ ಉಂಟು. ಊರಿನ ಎರಡೂ ದಳಕ್ಕೆ ಹೊಲಿಯುತ್ತಿದ್ದವನು ನಮ್ಮಜ್ಜ ಒಬ್ಬನೇ. ಗುರುತುಗಳನ್ನು ಕಾಗದದಲ್ಲಿ ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. "ಇವು ನಮ್ಮವಲ್ಲ ಮಗಳೇ, ಅವರವರವು. ಕೇಳದೆ ಒಂದೂ ಆಚೆ ಬರಬಾರದು" ಎಂದು ಸಾಯುವ ವಾರವೂ ಹೇಳಿದ್ದ.

ಆಂಟಿ ಒಂದನೇ ದಳದವರು. ಗೋದಾಮಿನ ಎದುರು ಗೋಡೆಗೆಂದು ಅವರು ಬರೆದುಕೊಟ್ಟ ದೊಡ್ಡ ಬಾವುಟವನ್ನು ನಾನು ಮೂರು ತಿಂಗಳು ಹೊಲಿದೆ. ಕೆಳಗಿನ ಒಂದು ಮೂಲೆಯನ್ನು ಅವರು ಖಾಲಿ ಬಿಟ್ಟಿದ್ದರು.

"ಇದು ನಿಂದು. ನಿನ್ನ ತಲೆಗೆ ಬಂದದ್ದು ಹೊಲಿ."

ನನ್ನ ತಲೆಗೆ ಏನೂ ಬರಲಿಲ್ಲ. ಎಂಟು ದಿನ ಬರಲಿಲ್ಲ. ಒಂಬತ್ತನೇ ದಿನ ಅಜ್ಜನ ಪೆಟ್ಟಿಗೆ ತೆರೆದೆ. ಬೀಗದ ಕೈ ಕಚ್ಚಿ ಹಿಡಿದ ಏಡಿಯೊಂದು ಕಂಡಿತು. ಅದು ಎರಡನೇ ದಳದ್ದೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಹೇಳಿಕೊಳ್ಳುವಷ್ಟು ಆಸೆಯಾಯಿತು. ಬಣ್ಣ ಬದಲಾಯಿಸಿದರೆ ಯಾರು ಗುರುತಿಸುತ್ತಾರೆ ಎಂದುಕೊಂಡು ಕೆಂಪು ಬಟ್ಟೆಯಲ್ಲಿ ಕತ್ತರಿಸಿದೆ.

ಆಂಟಿ ನೋಡಿ ಕೈತಟ್ಟಿದರು. "ಏಳೇ ಕಾಲು! ಒಂದನ್ನ ಯಾರು ತಿಂದರೇ? ನಿಜವಾಗ್ಲೂ ನಿಂದೇನಾ ಇದು?"

"ಹೂಂ ಆಂಟಿ" ಎಂದೆ.

ಪ್ರದರ್ಶನದ ಮೊದಲ ದಿನ ಊರೆಲ್ಲ ಬಂದಿತ್ತು. ನಾನು ಶುಂಠಿ ಪಾನಕದ ತಟ್ಟೆ ಹಿಡಿದು ಕಂಬದ ಪಕ್ಕ ನಿಂತಿದ್ದೆ. ಎರಡನೇ ದಳದ ಸುಪಿ, ಅಂದರೆ ಮುಖ್ಯಸ್ಥರು, ಅಮಿಸ್ಸಾ ಕೋಲೂರಿಕೊಂಡು ಬಾವುಟದ ಮುಂದೆ ಬಂದು ನಿಂತರು. ಬಹಳ ಹೊತ್ತು ನಿಂತರು.

"ಅರಾಬಾ, ಬಾರವ್ವ ಇಲ್ಲಿ. ನಮ್ಮ ಏಡೀನ ಬರ್ಲಿನ್ನಲ್ಲಿ ಹಿಡಿದ್ಯೋ, ಇಲ್ಲೇ ಕದ್ದ್ಯೋ?"

ಯಾರೋ ನಕ್ಕರು. ಮೀನು ಸುಡುವ ಹೆಂಗಸೊಬ್ಬಳು, "ವಿಮಾನ ಹತ್ತಿದವರಿಗೆ ಯಾರ ಮನೆ ಬಾಗಿಲು ಯಾವುದು ಅಂತ ಹ್ಯಾಗೆ ನೆನಪಿರುತ್ತೆ ಬಿಡಿ" ಎಂದಳು. ಈಗ ಯಾರೂ ನಗಲಿಲ್ಲ. ಎರಡನೇ ದಳದ ಹುಡುಗರು ಬಾಗಿಲ ಕಡೆಯಿಂದ ಒಳಗೆ ಸರಿದರು.

ಆಂಟಿ ಮೂಲೆಯನ್ನು ನೋಡಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಕಾಯುವವರ ಹಾಗೆ. ನಾನು ತಟ್ಟೆಯಲ್ಲಿದ್ದ ಲೋಟಗಳನ್ನು ಎಣಿಸತೊಡಗಿದೆ.

"ತೂಗುಹಾಕಿದವಳು ನಾನು ಸುಪಿ" ಎಂದರು ಆಂಟಿ. "ಗೋಡೆ ಮೇಲಿರೋದಕ್ಕೆಲ್ಲ ನಾನೇ ಜವಾಬ್ದಾರಿ."

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು, ಊರೆದುರು ಕ್ಷಮೆ ಕೇಳಿದರು. ದಂಡ ಒಂದು ಕುರಿ, ಎರಡು ಬಾಟಲಿ ಮದ್ಯ ಎಂದು ತೀರ್ಮಾನವಾಯಿತು. ಪ್ರದರ್ಶನ ಅಂದೇ ಮುಚ್ಚಿತು.

ಮರುದಿನ ಬಾವುಟವನ್ನು ಮಡಚಿ ತಂದು ನನ್ನ ಮುಂದಿಟ್ಟರು. "ಏಡಿ ಬಿಚ್ಚು." ಹೊಸ್ತಿಲಲ್ಲಿ ಮತ್ತೆ ಕೇಳಿದರು: "ಎಲ್ಲಿಂದ ಬಂತೇ ಅದು?"

"ತಲೆಯಿಂದ" ಎಂದೆ.

ಐದು ತಿಂಗಳ ಮೇಲೆ ರಾಜಧಾನಿ ಅಕ್ರಾದಿಂದ ಅಲ್ಲಿನ ಪ್ರದರ್ಶನದ ಪುಸ್ತಕವೊಂದು ಬಂತು. ಅಲ್ಲಿ ಆಂಟಿ ಆ ಬಾವುಟವನ್ನು ಖಾಲಿ ಮೂಲೆಯ ಸಮೇತ ತೂಗುಹಾಕಿದ್ದರು. ಪುಸ್ತಕದ ಚಿತ್ರದಲ್ಲಿ ಸೂಜಿ ತೂತುಗಳೂ ಕಾಣುತ್ತಿದ್ದವು. ಕೆಳಗೆ ಅಚ್ಚಾಗಿತ್ತು: ಹೊಲಿದವಳು, ಬಿಚ್ಚಿದವಳು, ಏಕುವಾ ಅರ್ಹಿನ್. ಅಮ್ಮ ಅದನ್ನು ಹಿಡಿದು ಸಂತೆಯೆಲ್ಲ ತಿರುಗಿದಳು. "ಶಾಲೆ ಬಿಟ್ಟೋಳು ಅಂತಿದ್ರಲ್ಲ, ಓದ್ರಿ ಈಗ!" ನಾನು ಮತ್ತೆ ಅಜ್ಜನ ಪೆಟ್ಟಿಗೆ ತೆರೆದೆ.

ಅಂದು ಮಧ್ಯಾಹ್ನ ಕಾಗದದ ಏಡಿ ತೆಗೆದುಕೊಂಡು ಸುಪಿ ಅಮಿಸ್ಸಾ ಅವರ ಅಂಗಳಕ್ಕೆ ಹೋದೆ. ಬಾಯಿ ಬಿಡುವ ಮೊದಲೇ ಅವರು ಕೈಚಾಚಿ ಅದನ್ನು ಇಸಿದುಕೊಂಡರು.

"ನಿಮ್ಮಜ್ಜ ಇದನ್ನ ಕತ್ತರಿಸಿದ ದಿನ ತಾಳೆ ಹೆಂಡ ಕುಡಿದಿದ್ದ. ಒಂದು ಕಾಲು ಹಾರಿಸಿಬಿಟ್ಟ. ಅವತ್ತಿಂದ ನಮ್ಮ ಏಡಿಗೆ ಏಳೇ ಕಾಲು. ಗೋದಾಮಲ್ಲಿ ನೋಡಿದ ಕೂಡಲೇ ಅದು ನಿಮ್ಮಜ್ಜನ ಪೆಟ್ಟಿಗೇದು ಅಂತ ನನಗೆ ಗೊತ್ತಾಯ್ತು. ಕುರಿ ತಂದ ದಿನ ಅರಾಬಾಗೂ ಹೇಳ್ದೆ."

"ಮತ್ತೆ... ಅವರು ನನಗೇನೂ ಅನ್ನಲಿಲ್ಲ."

"ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದಳು. ನನ್ನ ಹತ್ರ ಬಂದಿದ್ದೀಯಲ್ಲ, ನನಗೆ ಹೇಳೋದು ಸುಲಭ, ನಾನು ಹೊರಗಿನವನು. ಅವಳಿಗೇ ಹೇಳು." ಫೋನಿನಲ್ಲಿ ನಂಬರು ಒತ್ತಿ ನನ್ನ ಕೈಗೆ ಕೊಟ್ಟರು.

"ಏನು ಸುಪಿ?" ಆಂಟಿಯ ದನಿ ಕೇಳಿಸಿತು.

"ನಾನು ಏಕುವಾ. ಏಡಿ ಅಜ್ಜನ ಪೆಟ್ಟಿಗೇದು ಆಂಟಿ. ಗೊತ್ತಿದ್ದೇ ತೆಗೆದೆ."

ಸುಪಿ ಕೋಲೂರಿಕೊಂಡು ಅಂಗಳದ ಆಚೆ ಹೋದರು.

"ಬಾವುಟದ ಕೆಳಗಿಂದ ನನ್ನ ಹೆಸರು ತೆಗೆಸಿಬಿಡಿ" ಎಂದೆ.

"ಇಲ್ಲ" ಎಂದರು. "ಬಿಚ್ಚಿದವಳೂ ನೀನೇ ಅಲ್ವಾ. ಅದು ಅಲ್ಲೇ ಇರಲಿ."